ಹೊರಗಿನ ಮೂರು ದಿನ

ತುಂಗಕ್ಕನ ಮನೆಯಲ್ಲಿ ಹದಿನೆಂಟು ಬಾಯಿ. ಅವಳು ಒಂದು ದಿನಕ್ಕೆ ಬಡಿಯುವ ಜೋಳದ ಭಕ್ಕರಿಗಳನ್ನು ಸಾಲಾಗಿ ಹಾಸಿದರೆ ಧಾರವಾಡದಿಂದ ಹುಬ್ಬಳ್ಳಿ ಮುಟ್ಟಿ, ಇನ್ನೂ ನಾಲ್ಕು ಉಳಿಯುತ್ತಿದ್ದವು. ಅವಳಿಗೋ ಕಸೂತಿಯ ಹುಚ್ಚು. ಸೂಜಿ ಹಿಡಿಯಲು ಬಿಡುವು ಸಿಗುತ್ತಿದ್ದದ್ದು ಮಾತ್ರ ತಿಂಗಳಿಗೆ ಮೂರೇ ದಿನ, ಮುಟ್ಟಾಗಿ ಹೊರಗೆ ಕೂತಾಗ. ಆಗ ಅವಳಿಗೆ ಕೆಲಸ ಹೇಳುವ ಧೈರ್ಯ ದೇವರಿಗೂ ಇರಲಿಲ್ಲ.

ಈ ವರ್ಷ ಆ ಮೂರು ದಿನ ಹತ್ತಾದವು, ಹತ್ತು ಇಪ್ಪತ್ತಾದವು. ತುಂಗಕ್ಕ ಆಸ್ಪತ್ರೆಯ ಮಾತೆತ್ತದೆ ಸೂಜಿಗೆ ದಾರ ಪೋಣಿಸಿದಳು. ಇಳಕಲ್ ಸೀರೆಯ ತುಂಬ ಆನೆ, ಗೋಪುರ, ನವಿಲು ಎದ್ದವು. ಆ ನವಿಲು ನೋಡಿ ಬೇಸಿಗೆಯಲ್ಲೂ ಮೋಡ ಕವಿಯುತ್ತಿತ್ತು.

"ಇನ್ನೂ ಎಷ್ಟು ದಿನ ಕೂಡ್ತೀಯವಾ, ಮಹಾರಾಣಿ?" ಎಂದು ಅತ್ತೆ ಕುಟುಕುತ್ತಿದ್ದಳು.

ಒಂದು ಮಧ್ಯಾಹ್ನ ಸೂಜಿ ಹಿಡಿದಲ್ಲೇ ಕುಸಿದವಳನ್ನು ಆಸ್ಪತ್ರೆಗೆ ಸಾಗಿಸಿದರು.

"ಮೈಯಾಗ ರಕ್ತನ ಉಳದಿಲ್ಲ," ಎಂದಳು ಡಾಕ್ಟರಬಾಯಿ. "ನಾಳೆನ ಗರ್ಭಚೀಲ ತಗೀಬೇಕು, ಇಲ್ಲಂದ್ರ ಜೀವಕ್ಕ ಕುತ್ತು. ಇನ್ನ ಮ್ಯಾಲೆ ಹೊರಗ ಕೂಡೋ ಕಾಟನೂ ಇರೂದಿಲ್ಲ ಬಿಡ್ರಿ."

ತುಂಗಕ್ಕ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಒಂದು ತಿಂಗಳು ತಡೀರಿ ಬಾಯಾರ, ಸೆರಗಿನ್ನೂ ಉಳದದ."