ಕಳಿಂಗವನ್ನು ಹಿಂದಿರುಗಿಸದ ರಾಜ

ಅಂಟು ಹಚ್ಚಿದ ರಟ್ಟಿನ ವಾಸನೆ ಬಂದಾಗ ಇಂದಿಗೂ ನನಗೆ ಕೊಲ್ಲಿ ದೇಶದಲ್ಲಿ, ಗುಫೂಲ್ ಬಡಾವಣೆಯಲ್ಲಿದ್ದ ನಮ್ಮ ಫ್ಲ್ಯಾಟಿನ ಒಂದು ಶುಕ್ರವಾರದ ಮಧ್ಯಾಹ್ನ ನೆನಪಾಗುತ್ತದೆ.

ಕನ್ನಡ ಸಂಘದ ಮಕ್ಕಳ ನಾಟಕದಲ್ಲಿ ನಾನು ಅಶೋಕನಾಗಿದ್ದೆ. ಅಪ್ಪ ನೆಲದ ಮೇಲೆ ಕುಳಿತು ನನ್ನ ಕಿರೀಟಕ್ಕೆ ಬಂಗಾರದ ಬಣ್ಣದ ಕಾಗದ ಹಚ್ಚುತ್ತಿದ್ದರು. ಅದು ಅವರ ಒರಟು ಬೆರಳುಗಳಿಗೇ ಮತ್ತೆ ಮತ್ತೆ ಅಂಟಿಕೊಳ್ಳುತ್ತಿತ್ತು. ಆ ವಾರ ಕಂಪನಿಯು ಅವರ ಗೆಳೆಯ ವಾಮನ ಮಾಮನ ವೀಸಾ ರದ್ದುಪಡಿಸಿ, ಮಾಮನ ಫೋರ್‌ಮನ್ ಹುದ್ದೆಯನ್ನು ಅಪ್ಪನಿಗೆ ಕೊಡಲು ಮುಂದಾಗಿತ್ತು. ಅಪ್ಪ ಇನ್ನೂ ಒಪ್ಪಿಗೆ ತಿಳಿಸಿರಲಿಲ್ಲ.

ಕಳಿಂಗ ಯುದ್ಧದ ನಂತರ ಅಶೋಕ ದುಃಖಿಸುವ ಮಾತುಗಳನ್ನು ನಾನು ಒಪ್ಪಿಸಿದೆ. ಅಪ್ಪ ಕೈ ನಿಲ್ಲಿಸಿ ಕೇಳಿದರು:

“ಅಷ್ಟು ಬೇಜಾರಾಯ್ತಲ್ಲ, ಮತ್ತೆ ಕಳಿಂಗವನ್ನು ವಾಪಸ್ ಕೊಟ್ಟನಾ ಅವ?”

“ಇಲ್ಲಪ್ಪ. ಬೇಜಾರಾಯ್ತು ಅಂತ ಬಂಡೆಯಲ್ಲಿ ಬರೆಸಿದ. ರಾಜ್ಯ ಅವನೇ ಇಟ್ಕೊಂಡ.”

“ಕೊಡ್ಲಿಕ್ಕೆ ಹೊರಟ್ರೂ ಹೆಂಡತಿ ಬಿಡ್ಬೇಕಲ್ಲ,” ಎಂದರು ಅಮ್ಮ ಅಡುಗೆಮನೆಯಿಂದ. “ಮಕ್ಕಳ ಶಾಲೆಗೆ ಫೀಸು ಯಾರು ಕಟ್ಟುದು?”

ಅಪ್ಪ ನಗಲಿಲ್ಲ.

ಸಂಜೆ, ಕೆಲಸ ಕಳೆದುಕೊಂಡು ಊರಿಗೆ ಹೊರಟಿದ್ದ ವಾಮನ ಮಾಮನನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಹೋದಾಗ ಅಪ್ಪ ನನ್ನನ್ನೂ ಕರೆದೊಯ್ದರು. ಮಾಮ ಬೇಡವೆಂದರೂ ಕೇಳದೆ ಎರಡೂ ಪೆಟ್ಟಿಗೆಗಳನ್ನು ಅಪ್ಪನೇ ಹೊತ್ತರು. ಮರುದಿನ ಬೆಳಿಗ್ಗೆ ಎಂದಿಗಿಂತ ಬೇಗ ಎದ್ದು ಫೋರ್‌ಮನ್ ಕೆಲಸಕ್ಕೆ ಹೊರಟರು.