ಸತ್ತ ರಾಜನ ಕಾವಲು

ಅಂಗೈ ಮೇಲಿದ್ದ, ದಾರಕ್ಕೆ ಪೋಣಿಸಿದ ಹಸಿರು ಕಲ್ಲಿನ ಹುಳವನ್ನು ನೋಡಿ ದ್ಯಾಮಮ್ಮ ನಕ್ಕುಬಿಟ್ಟಳು.

"ಸಗಣಿ ಹುಳ! ಸಮುದ್ರ ದಾಟಿ ಈಜಿಪ್ಟಿಗೆ ಹೋಗಿ ತಂದಿದ್ದು ಇದನ್ನೇನ್ರೀ? ನಮ್ಮ ಕುರಿಹಟ್ಟೀಲಿ ಬೇಕಾದಷ್ಟು ಅದಾವೆ."

"ತಿರುಗಿಸಿ ನೋಡು," ಎಂದ ಗಂಡ ಚಿಕ್ಕಬೀರಪ್ಪ. ವಿಶ್ವಸಂಸ್ಥೆಯ ಶಾಂತಿಪಡೆಯ ಸಿಪಾಯಿಯಾಗಿ ಈಜಿಪ್ಟಿನ ಅಂಚಿನ ಗಾಜಾ ಗಡಿಯಲ್ಲಿದ್ದವನು ರಜೆಗೆ ಬಂದಿದ್ದ. ಬೆಳಗಾದರೆ ಶಿಕಾರಿಪುರದ ಬಸ್ಸು ಹಿಡಿದು ಮತ್ತೆ ಅಲ್ಲಿಗೇ ಹೊರಡಬೇಕಿತ್ತು. "ಹೊಟ್ಟೆ ಮೇಲೆ ಕೆತ್ತಿರೋದು ಅಲ್ಲಿಯ ಹಳೇ ರಾಜನ ಹೆಸರಂತೆ. ಅವನು ಸತ್ತು ನೂರಾರು ವರ್ಷ ಆದಮೇಲೂ ಕಾಯ್ತಾನೆ ಅಂತ ಜನ ಕಟ್ಕೊಳ್ತಿದ್ರಂತೆ. ಮಗೀಗೆ ಕಟ್ಟು."

"ನಮ್ಮ ಪಟೇಲರು ಬದುಕಿದ್ದೇ ಯಾರನ್ನೂ ಕಾಯಲ್ಲ, ಇವನು ಸತ್ತು ಕಾಯ್ತಾನಾ?" ಎನ್ನುತ್ತಲೇ ಅವಳು ತೊಟ್ಟಿಲಿಗೆ ಬಗ್ಗಿದಳು. ಆದರೆ ಕಟ್ಟಲಿಲ್ಲ. "ದಾರ ಸವೆದೈತಲ್ಲ. ಯಾರ ಕೊರಳಿಂದ ಬಂತು ಇದು?"

ಚಿಕ್ಕಬೀರಪ್ಪ, ಬಾಗಿಲ ಬಳಿ ಉಣ್ಣೆ ನೂಲುತ್ತಿದ್ದ ತಾಯಿ ಮಾಳಮ್ಮನ ಕಡೆ ನೋಡಿದ. ಅವ್ವ ಹೆದರಿಯಾಳೆಂದು ಆ ಸಂಗತಿಯನ್ನು ಯಾವ ಕಾಗದದಲ್ಲೂ ಬರೆದಿರಲಿಲ್ಲ. ದನಿ ತಗ್ಗಿಸಿದ.

"ಮರಳಲ್ಲಿ ಕುರಿಮರಿಯೊಂದು ದಾರಿ ತಪ್ಪಿ ಅರಚ್ತಿತ್ತು. ನಾನು ಸಿಪಾಯಿ ಅನ್ನೋದೇ ಮರೆತು, ಹಿಡ್ಕಂಡು ಬರಾಣ ಅಂತ ನುಗ್ಗಿದೆ. ಬಾಂಬು ಹೂತಿಟ್ಟ ಜಾಗ ಅದು. ಕುರಿ ಕಾಯೋ ಮುದುಕಿ ಓಡಿಬಂದು ಬೆಲ್ಟು ಹಿಡಿದು ಎಳೆದು ಕೆಡವಿದಳು. ಬೈದಳು ನೋಡು, ಭಾಷೆ ಬರದಿದ್ರೂ ಎಲ್ಲಾ ಅರ್ಥ ಆಯ್ತು! ಆಮೇಲೆ ತನ್ನ ಕೊರಳಿಂದ ಬಿಚ್ಚಿ ಇದನ್ನ ನನಗೆ ಕಟ್ಟಿದಳು."

ಮಾಳಮ್ಮನ ಕೈಯಲ್ಲಿ ತಿರುಗುತ್ತಿದ್ದ ಕದಿರು ನಿಂತಿತು.

ದ್ಯಾಮಮ್ಮ ಹುಳವನ್ನು ಗಂಡನ ಕೊರಳಿಗೇ ಕಟ್ಟಿದಳು. "ಮಗೀಗೆ ನಾವಿದೀವಿ. ಆ ಅಮ್ಮನ ಕೊರಳು ಈಗ ಬರಿದಾಗೈತಲ್ರೀ?"

"ವಾಪಸ್ ಕೊಟ್ರೆ ನೊಂದ್ಕಳ್ತಾಳೆ ಕಣೆ."

"ವಾಪಸ್ ಯಾಕೆ? ನಮ್ಮದು ಕೊಡಾಣ. ನಿಮ್ಮನ್ನ ಉಳಿಸಿಕೊಟ್ಟವಳಿಗೆ ನಮ್ಮ ದೇವರೂ ಒಂದಿಷ್ಟು ಕಾವಲಿರಲಿ."

ಅತ್ತೆಯ ಬುಟ್ಟಿಯಿಂದ ಕರಿ ನೂಲು ತೆಗೆದು, ಹುರಿ ಹೊಸೆದು, ಬೀರದೇವರ ಬಂಡಾರದ ಅರಿಸಿನ ಸವರಿದಳು. ಕತ್ತರಿಸಲು ಹೋಗಿ ಅನುಮಾನಿಸಿದಳು. "ಎಷ್ಟುದ್ದ ಬೇಕು? ಕೊರಳು ದಪ್ಪನಾ, ಸಣ್ಣನಾ?"

ಚಿಕ್ಕಬೀರಪ್ಪ ಎರಡೂ ಕೈಬೆರಳು ಬಳೆಯಂತೆ ಬಾಗಿಸಿ ತೋರಿಸಿದ, ಹಿಗ್ಗಿಸಿದ, ಮತ್ತೆ ಕುಗ್ಗಿಸಿದ.

ಮಾಳಮ್ಮ ಎದ್ದು ಬಂದಳು. ಸೆರಗು ಸರಿಸಿ, ಅಳತೆಗೆಂದು ಸೊಸೆಯ ಮುಂದೆ ತನ್ನ ಕೊರಳೊಡ್ಡಿದಳು.