ಅಮ್ಮನ ಮೆಚ್ಚಿನ ಸರ್ವರ್

“ಹಗಲೂ ರಾತ್ರಿ ಕರೆಂಟು ನುಂಗುತ್ತಲ್ಲ ರೀ ಈ ನಿಮ್ಮ ಡಬ್ಬಿ, ಕಡಿಮೆ ತಿನ್ನೋದು ಕಲಿಸ್ತೀರೋ, ಗುಜರಿಗೆ ಹಾಕಲೋ?” ಎಂದಳು ವಾರಿಜ.

ಡಬ್ಬಿಯೆಂದರೆ ಅವಳ ಗಂಡ ಸುಧೀಂದ್ರ ತಾನೇ ಜೋಡಿಸಿದ್ದ ಲಿನಕ್ಸ್ ಸರ್ವರ್, ಸದಾ ಓಡುತ್ತಲೇ ಇರುವ ಕಂಪ್ಯೂಟರ್. ಮನೆಯವರ ಫೋಟೊ, ವಿಡಿಯೊಗಳೆಲ್ಲ ಅದರೊಳಗಿದ್ದವು. ಯಾರೂ ತೆರೆದು ನೋಡಿರಲಿಲ್ಲ ಅನ್ನುವುದು ಬೇರೆ ಮಾತು. ಅವನ ಅಮ್ಮ ಮಾತ್ರ, “ಇರಲಿ ಬಿಡೇ, ಪಾಪ” ಎಂದು ಯಾವಾಗಲೂ ಅದರ ಪರ ನಿಲ್ಲುತ್ತಿದ್ದರು. ತನ್ನ ವಿದ್ಯೆಯ ಬೆಲೆ ಹೆತ್ತವಳಿಗಾದರೂ ಗೊತ್ತಲ್ಲ ಎಂದು ಸುಧೀಂದ್ರ ಒಳಗೊಳಗೇ ಬೀಗುತ್ತಿದ್ದ.

ಭಾನುವಾರವಿಡೀ ಕೂತು, ಕೆಲಸವಿಲ್ಲದಾಗ ಪ್ರೊಸೆಸರ್ ಗಾಢ ನಿದ್ದೆಗೆ ಜಾರುವಂತೆ ಮಾಡಿದ. ಕರೆಂಟಿನ ಬಳಕೆ ಅರ್ಧಕ್ಕಿಳಿಯಿತು. ವಾರಿಜ ಗುಜರಿಯ ಮಾತು ಬಿಟ್ಟಳು.

ಮರುದಿನ ಬೆಳಿಗ್ಗೆ ಅಮ್ಮ, ಎಂದಿನಂತೆ ರಾತ್ರಿಯೇ ಸರ್ವರ್ ಮೇಲಿಟ್ಟಿದ್ದ ಇಡ್ಲಿ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು ಮುಖ ಸಿಂಡರಿಸಿದರು.

“ಏನೋ ಇದು, ತಣ್ಣಗೆ ಕೊರೀತಿದೆ! ಹಿಟ್ಟು ಚೂರೂ ಉಬ್ಬಿಲ್ಲ.”

“ಹೂಂ ಅಮ್ಮ, ಇನ್ಮೇಲೆ ಬಿಸಿಯಾಗೋದೇ ಇಲ್ಲ!” ಎಂದ ಸುಧೀಂದ್ರ, ಎದೆಯುಬ್ಬಿಸಿ.

“ಆಗೋದೇ ಇಲ್ವಾ?”

“ಇಲ್ಲವೇ ಇಲ್ಲ.”

“ಮತ್ತೆ ಇನ್ಯಾಕೋ ಇದು?”

ಅಮ್ಮ ಸರ್ವರಿನ ಪ್ಲಗ್ ಕಿತ್ತು, ಆ ಜಾಗಕ್ಕೆ ಮಿಕ್ಸಿಯದನ್ನು ಸಿಕ್ಕಿಸಿದರು.